ಕುಲಗೋಡ ಯುನೈಟೆಡ್ ಆಡಿದ ಒಂದು ವರ್ಷ

ಆ ವರ್ಷ ನಾನು ಮೂಡಲಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನನ್ನ ಗಂಡ ಹುಕ್ಕೇರಿ ತಾಲೂಕಿನ ಕಣಗಲಾದಲ್ಲಿ ದನದ ಡಾಕ್ಟರ್ ಆಗಿದ್ದರು. ಇಬ್ಬರದೂ ಸರ್ಕಾರಿ ನೌಕರಿ, ಅದೂ ಒಂದೇ ಜಿಲ್ಲೆಯೊಳಗೆ. ನಕಾಶೆಯಲ್ಲಿ ನೋಡಿದರೆ ನಡುವೆ ಒಂದು ಗೇಣು ಜಾಗವೂ ಇಲ್ಲ. ಆದರೆ ಕಣಗಲಾದಿಂದ ಸಂಕೇಶ್ವರ, ಅಲ್ಲಿಂದ ಹುಕ್ಕೇರಿ, ಮುಂದೆ ಗೋಕಾಕ, ಗೋಕಾಕದಿಂದ ಕುಲಗೋಡ ಅಂತ ಬಸ್ಸು ಬದಲಿಸುತ್ತ ಬರುವುದರಲ್ಲಿ ಮನುಷ್ಯನ ಅರ್ಧ ಜೀವ ಸೋರಿಹೋಗುತ್ತಿತ್ತು. ಹಾಗಾಗಿ ಅವರು ಕಣಗಲಾದಲ್ಲೇ ಒಂದು ಖೋಲಿ ಹಿಡಿದಿದ್ದರು. ನಾನು ಸಣ್ಣ ಮಗಳನ್ನು ಕಟ್ಟಿಕೊಂಡು ಕುಲಗೋಡದಲ್ಲಿ ಅತ್ತೆಯ ಹತ್ತಿರ ಇದ್ದೆ. ಮುಂಜಾನೆ ಮಗುವನ್ನು ಅತ್ತೆಯ ಕೈಗೆ ಕೊಟ್ಟು ಮೂಡಲಗಿಯ ಬಸ್ಸು ಹತ್ತಿದರೆ ಮತ್ತೆ ಸಂಜೆಯೇ ಅವಳ ಮುಖ ನೋಡುವುದು. ಗಂಡನ ಮುಖ ವಾರಕ್ಕೊಮ್ಮೆ, ಶನಿವಾರ.

ಈ ಆಟ ನಮ್ಮ ಮನೆಗೆ ಬಂದದ್ದು ಅವರ ಕಾಲೇಜಿನ ಗೆಳೆಯರಿಂದ. ದನದ ಡಾಕ್ಟರಿಕೆ ಕೂಡಿ ಕಲಿತವರು, ಕಲಿತ ಮೇಲೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಚದುರಿದವರು. ಅವರಲ್ಲಿ ಯಾರೋ ಇಂಟರ್ನೆಟ್ಟಿನಲ್ಲಿ ಫ್ಯಾಂಟಸಿ ಫುಟ್‌ಬಾಲ್ ಅಂತ ಒಂದನ್ನು ಹುಡುಕಿ, ತಮ್ಮತಮ್ಮಲ್ಲೇ ಒಂದು ಲೀಗ್ ಮಾಡಿಕೊಂಡು ಎಲ್ಲರನ್ನೂ ಕರೆದಿದ್ದರು. ನನ್ನ ಗಂಡ ಕಾಲೇಜಿನ ತಂಡಕ್ಕೆ ಗೋಲ್‌ಕೀಪರ್ ಆಗಿದ್ದವರು. ಕರೆಯುವುದೇ ತಡ, ಹೂಂ ಅಂದರು.

ಆಗಸ್ಟಿನ ಒಂದು ಶನಿವಾರ. ಶಾಲೆ ಅರ್ಧ ದಿನ. ನಾನು ಮೂಡಲಗಿಯಿಂದ ನೇರವಾಗಿ ಗೋಕಾಕಕ್ಕೆ ಹೋಗಿದ್ದೆ, ಸಂತೆ ಸಾಮಾನು ತರಲು. ಅವರು ಹುಕ್ಕೇರಿ ಬಸ್ಸಿನಿಂದ ಇಳಿದವರೇ ಮಾರ್ಕೆಟ್ಟಿಗೆ ಬರುವ ಬದಲು ನನ್ನನ್ನು ಒಂದು ಸೈಬರ್ ಕೆಫೆಗೆ ಕರೆದುಕೊಂಡು ಹೋದರು. ಮೊದಲು ಅದು ಟೈಪಿಂಗ್ ಕಲಿಸುವ ಜಾಗವಾಗಿತ್ತು. ಟೈಪ್‌ರೈಟರ್ ಸರಿಸಿ ಕಂಪ್ಯೂಟರ್ ಇಟ್ಟಿದ್ದರು, ಬೆಂಚು ಮಾತ್ರ ಅವೇ. ನಡೆಸುವವರು ನೆರೆತ ಗಡ್ಡದ ಒಬ್ಬ ಚಾಚಾ. ಹೊರಗೆ ಮಳೆ ಜಿಟಿಜಿಟಿ ಹಿಡಿದಿತ್ತು. ನನ್ನ ಕಾಲ ಬುಡದಲ್ಲಿ ಬದನೆಕಾಯಿಯ ಚೀಲ.

“ಇಂಗ್ಲೆಂಡಿನ್ಯಾಗ ಖರೆ ಆಟಗಾರ್ರು ಖರೆ ಮ್ಯಾಚ್ ಆಡ್ತಾರ,” ಅವರು ವಿವರಿಸಿದರು. “ನಾವು ಇಲ್ಲೆ ಕುಂತು, ಬ್ಯಾರೆ ಬ್ಯಾರೆ ತಂಡದಾಗಿಂದ ಬೇಕಾದವ್ರನ್ನ ಆರಿಸಿ ನಮ್ಮದೊಂದು ಸುಳ್ಳ ತಂಡ ಕಟ್ಟೂದು. ಅಂವ ಅಲ್ಲೆ ಗೋಲ್ ಹೊಡದ್ರ ನಮಗ ಇಲ್ಲೆ ಮಾರ್ಕ್ಸ್. ಕಾಲ ಮುರಕೊಂಡ ಕುಂತ್ರ ಅವನ್ನ ಮಾರಿ ಇನ್ನೊಬ್ಬನ್ನ ತಗೊಬೇಕು.”

“ಮಾರ್ಕ್ಸ್ ಅಂದ್ರ ನನಗ ತಿಳೀತೈತಿ ಬಿಡ್ರಿ,” ಅಂದೆ.

ತಂಡಕ್ಕೆ ಹೆಸರು ಕೇಳಿತು ಕಂಪ್ಯೂಟರು. ಅವರು ಯೋಚಿಸುತ್ತ ಕೂತಾಗ ನಾನೇ ಕುಲಗೋಡ ಯುನೈಟೆಡ್ ಅಂತ ಹಾಕಿರಿ ಅಂದೆ. ಅವರು ನಕ್ಕರು. ಬಹಳ ದಿನದ ಮೇಲೆ ಅವರ ಹಲ್ಲು ಕಂಡಿದ್ದವು. ಹಾಗೆ ಶುರುವಾಯಿತು.

ನಿಯಮ ಇಷ್ಟೇ. ಪ್ರತಿ ಶನಿವಾರ ಅಲ್ಲಿಯ ಮೊದಲ ಮ್ಯಾಚು ಶುರುವಾಗುವ ಮೊದಲು, ಅಂದರೆ ನಮ್ಮ ಸಂಜೆಯೊಳಗೆ, ತಂಡವನ್ನು ಸರಿಪಡಿಸಿ ಇಡಬೇಕು. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು, ಕ್ಯಾಪ್ಟನ್ ಯಾರು. ಕ್ಯಾಪ್ಟನ್ ಆದವನಿಗೆ ಮಾರ್ಕ್ಸ್ ಇಮ್ಮಡಿ. ಕುಲಗೋಡದಲ್ಲಿ ಆಗ ಇಂಟರ್ನೆಟ್ ಎಲ್ಲಿಂದ ಬರಬೇಕು? ಹೀಗಾಗಿ ಪ್ರತಿ ಶನಿವಾರ ನಾವಿಬ್ಬರೂ ಗೋಕಾಕದಲ್ಲಿ ಕೂಡುವುದು, ಆ ಬೆಂಚಿನ ಮೇಲೆ ಒಂದು ತಾಸು ಕೂರುವುದು, ಆಮೇಲೆ ಚುರಮುರಿ ಕಟ್ಟಿಸಿಕೊಂಡು ಕುಲಗೋಡದ ಬಸ್ಸು ಹತ್ತುವುದು ರೂಢಿಯಾಯಿತು.

ಮನೆಯಲ್ಲಿ ನಮಗೆ ಮಾತಾಡಲು ಜಾಗವಿರಲಿಲ್ಲ ಅಂತಲ್ಲ. ಆದರೆ ಅಲ್ಲಿ ಮಾತೆಲ್ಲ ಕೆಲಸದ ಮಾತು. ಮಗುವಿಗೆ ಕೆಮ್ಮು, ಬಾವಿಯ ಮೋಟರು ಸುಟ್ಟದ್ದು, ಯಾರದೋ ಮದುವೆಗೆ ಯಾರು ಹೋಗಬೇಕು. ಬೆಂಚಿನ ಮೇಲೆ ಕೂತಾಗ ಮಾತ್ರ ನಾವು ನಮಗೆ ಯಾವ ಸಂಬಂಧವೂ ಇಲ್ಲದ, ಎಂದೂ ನೋಡದ ಜನರ ಬಗ್ಗೆ ಜಗಳವಾಡುತ್ತಿದ್ದೆವು. ಒಬ್ಬ ಆಟಗಾರನ ತೊಡೆಯ ಸ್ನಾಯು ಹರಿದಿದೆ ಅಂತ ಸುದ್ದಿ ಬಂದರೆ, ಅವರು ತಮ್ಮ ತೊಡೆಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. “ಇದು ಲಗೂ ಕೂಡೂದಿಲ್ಲ. ಇದ ಜಾಗಾದಾಗ ಎತ್ತಿಗೆ ಹರದಿದ್ರ ನಾ ಎರಡ ತಿಂಗಳ ನೊಗಕ್ಕ ಹಚ್ಚಬ್ಯಾಡ್ರಿ ಅಂತೇನಿ.”

ವಾರದ ನಡುವೆ ಫೋನು. ಮೊಬೈಲ್ ಬಂದಿತ್ತು, ಆದರೆ ನಮ್ಮ ಮನೆಯ ಒಳಗೆ ಅದಕ್ಕೆ ಉಸಿರಿರಲಿಲ್ಲ. ಮಾಳಿಗೆ ಹತ್ತಿ, ಬೆಳಕಿಂಡಿಯ ಹತ್ತಿರ ನಿಂತು ಮಾತಾಡಬೇಕಿತ್ತು. ಆ ಬೆಳಕಿಂಡಿ ಸರಿಯಾಗಿ ಅಡಿಗೆಮನೆಯ ಮೇಲೆ. ಕೆಳಗೆ ಒಲೆಯ ಮುಂದೆ ಅತ್ತೆ. ಒಂದು ಸಂಜೆ ನಾನು ಕೆಳಗಿಳಿದು ಬಂದಾಗ ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದರು:

“ಯಾವ ಎತ್ತ ಮಾರಿದ್ರಿ?”

“ಎತ್ತ ಎಲ್ಲೇದ್ರಿ ಅತ್ತಿ?”

“ಮತ್ತ ಈಗ ಅಂದೆಲ್ಲ, ಅಂವ ಕಾಲ ಎಳ್ಯಾಕತ್ತಾನ, ಈ ವಾರನ ಮಾರಿ ಬಿಡೂಣು, ಆ ಹೊಸಾಂವ ಛಲೋ ಓಡ್ತಾನ, ಅವನ್ನ ತಗೊಳ್ಳೂಣು ಅಂತ.”

ನನಗೆ ನಗು ತಡೆಯಲಿಲ್ಲ. ಕೂತು ಎಲ್ಲ ಬಿಡಿಸಿ ಹೇಳಿದೆ. ಅವರು ಕೇಳಿದರು, ತಲೆ ಆಡಿಸಿದರು, ಆದರೆ ನಂಬಿದಂತೆ ಕಾಣಲಿಲ್ಲ. “ಕಣ್ಣಿಗಿ ಕಾಣದವ್ರನ್ನ ಕೊಂಡ ಮಾರೂದು, ಅದೆಂಥಾ ದಂಧೇನ ಯವ್ವಾ,” ಅಂದು ಮತ್ತೆ ರೊಟ್ಟಿ ಬಡಿಯತೊಡಗಿದರು. ಅವರ ತಕರಾರು ಬೇರೆಯೇ ಇತ್ತು. ನಮ್ಮದು ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಶನಿವಾರ ನಾವು ಗೋಕಾಕದಿಂದ ಬರುವಷ್ಟರಲ್ಲಿ ಕತ್ತಲೆಯಾಗಿರುತ್ತಿತ್ತು. ಚುರಮುರಿ ತಿಂದ ಹೊಟ್ಟೆಯಲ್ಲಿ ನಾವು ಮಲಗುತ್ತಿದ್ದೆವು. ಮಗನಿಗಾಗಿ ಮಾಡಿದ ಹೋಳಿಗೆ ಮರುದಿನ ಮುಂಜಾನೆಗೆ ಉಳಿಯುತ್ತಿತ್ತು. ಅತ್ತೆಯ ಪಾತ್ರೆಗಳ ಸಪ್ಪಳ ಜಾಸ್ತಿಯಾಗುತ್ತಿತ್ತು.

ದೀಪಾವಳಿಯ ಹೊತ್ತಿಗೆ ನಮ್ಮ ತಂಡ ಲೀಗಿನ ಮೇಲ್ತುದಿಯಲ್ಲಿತ್ತು. ಗೆಳೆಯರು ಬರೆಯಲು ಅಲ್ಲೇ ಒಂದು ಪುಟವಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬೈಗುಳ ಬರೆದು ಹಾಕುತ್ತಿದ್ದರು. ನನ್ನ ಗಂಡ ಅದನ್ನು ಓದಿ ಓದಿ ನಗುತ್ತಿದ್ದರು.

ಆಮೇಲೆ ಜ್ವರ ಬಂತು.

ಮೊದಲು ಅದನ್ನು ಜ್ವರ ಅಂತ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕಬ್ಬಿನ ಹಂಗಾಮು ಶುರುವಾಗಿತ್ತು. ರಸ್ತೆ ತುಂಬ ಟ್ರ್ಯಾಕ್ಟರು, ಬಸ್ಸುಗಳು ತಾಸುಗಟ್ಟಲೆ ತಡ. ಒಂದು ಶನಿವಾರ ಅವರು ಸೈಬರ್‌ಗೆ ಬಂದಾಗ ಮಧ್ಯಾಹ್ನದ ಬಿಸಿಲಿನಲ್ಲೂ ಸ್ವೆಟರ್ ಹಾಕಿದ್ದರು. ಬೆಂಚಿನ ಮೇಲೆ ಕೂತವರು ಗೋಡೆಗೆ ತಲೆ ಆನಿಸಿದರು.

“ನೀನ ಹಾಕು,” ಅಂದರು, “ನನಗ ಬೆನ್ನ ಹರೀತೈತಿ.”

ದವಾಖಾನೆಗೆ ಹೋದೆವು. ಮಲೇರಿಯಾ ಇರಬಹುದು ಅಂತ ಗುಳಿಗೆ ಕೊಟ್ಟರು, ಜ್ವರ ಇಳಿಯಿತು. ವಾರ ಬಿಟ್ಟು ಮತ್ತೆ ಏರಿತು. ಟೈಫಾಯಿಡ್ ಇರಬಹುದು ಅಂತ ಇನ್ನೊಂದು ಗುಳಿಗೆ. ಮತ್ತೆ ಇಳಿಯಿತು, ಮತ್ತೆ ಏರಿತು. ಮುಂಜಾನೆ ಆರಾಮಾಗಿ ಕಾಣುವರು. ಹೊತ್ತು ಇಳಿಯುತ್ತಲೂ ಮೈ ಕಾಯುವುದು, ಕೀಲು ಕೀಲು ನೋವು, ಆಮೇಲೆ ಅಂಗಿ ಹಿಂಡುವಷ್ಟು ಬೆವರು. ಕೊನೆಗೆ ರಜೆ ಹಾಕಿ ಕುಲಗೋಡಕ್ಕೆ ಬಂದು ಮಲಗಿದರು. ಎಷ್ಟು ವರ್ಷದಿಂದ ಒಂದೇ ಸೂರಿನ ಕೆಳಗೆ ಇರಬೇಕು ಅಂತ ಅರ್ಜಿ ಹಾಕಿಕೊಂಡು ಬಂದಿದ್ದೆವು. ಬಂದದ್ದು ಹೀಗೆ.

ನಾನು ಶನಿವಾರ ಗೋಕಾಕಕ್ಕೆ ಹೋಗುವುದನ್ನು ಬಿಡಲಿಲ್ಲ. ಔಷಧಿ ತರಬೇಕಿತ್ತು, ಸಂತೆಯೂ ಇತ್ತು. ತಂಡದ ಗೊಡವೆ ಯಾರಿಗೂ ಬೇಕಿರಲಿಲ್ಲ ನಿಜ, ಆದರೂ ಕಾಲು ಆ ಕಡೆಗೇ ಹೋಗುತ್ತಿದ್ದವು. ಒಂದು ಶನಿವಾರ ಪುಟ ತೆರೆದರೆ ಗೆಳೆಯನೊಬ್ಬ ಬರೆದಿದ್ದ: “ಏನಲೇ, ಮಲ್ಕೊಂಡೀಯೇನು? ಆಟದಾಗ ಇಲ್ಲದವನ್ನ ಕ್ಯಾಪ್ಟನ್ ಮಾಡೀಯಲ್ಲೋ!”

ಅಲ್ಲಿಯವರೆಗೆ ಆ ಪುಟದಲ್ಲಿ ನಾನು ಒಂದಕ್ಷರ ಬರೆದಿರಲಿಲ್ಲ. ಅಂದು ಬರೆದೆ. ನಾನು ಅವರ ಹೆಂಡತಿ, ಅವರು ಖರೆ ಮಲಗಿದ್ದಾರೆ, ಸಂಜೆಯಾದರೆ ಜ್ವರ, ಕೀಲು ನೋವು, ಬೆವರು, ಏನು ಕೊಟ್ಟರೂ ತಿರುಗಿ ಬರುತ್ತಿದೆ, ಕ್ಯಾಪ್ಟನ್‌ನನ್ನು ಬದಲಿಸಲು ನನಗೆ ನೆನಪಾಗಲಿಲ್ಲ, ಕ್ಷಮಿಸಿರಿ. ಬರೆದು ಎದ್ದು ಬಂದೆ.

ಮುಂದಿನ ಶನಿವಾರ ನೋಡಿದರೆ ಆಟದ ಮಾತು ಯಾವುದೂ ಇರಲಿಲ್ಲ. ಎಲ್ಲರೂ ನನಗೇ ಬರೆದಿದ್ದರು. ಮೊದಲು ಬೈದಿದ್ದವನೇ ಎಲ್ಲರಿಗಿಂತ ಉದ್ದ ಬರೆದಿದ್ದ. “ವೈನಿ, ಅಂವಗ ಬ್ರೂಸೆಲ್ಲಾ ಟೆಸ್ಟ್ ಮಾಡಸ್ರಿ. ನನಗೂ ಆಗಿತ್ತು, ನಮ್ಮಾಗ ಇನ್ನೊಬ್ಬಾಂವಗೂ ಆಗಿತ್ತು. ತೋರಸಾಕ ಹೋದಲ್ಲೆ ಅಂವ ದನದ ಡಾಕ್ಟರ್ ಅಂತ ಹೇಳೀರೇನು? ಅದನ್ನ ಹೇಳಲಿಲ್ಲಂದ್ರ ಯಾರಿಗೂ ಗೊತ್ತಾಗೂದಿಲ್ಲ.”

ನಾವು ಹೇಳಿರಲಿಲ್ಲ. ಕೇಳಿದಾಗ ಸರ್ಕಾರಿ ನೌಕರಿ ಅಂದಿದ್ದೆವು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಶಬ್ದವನ್ನು ಬಾಯಲ್ಲೇ ಹೊರಳಿಸುತ್ತ ಬಂದೆ. ಮನೆಯಲ್ಲಿ ಅವರು ಪಡಸಾಲೆಯ ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಚೀಲವನ್ನೂ ಇಳಿಸದೆ ಕೇಳಿದೆ:

“ಬ್ರೂಸೆಲ್ಲಾ ಅಂದ್ರ ಏನ್ರಿ?”

ಅವರು ಹೊರಳಲಿಲ್ಲ. ಗೋಡೆಗೇ ಅಂದರು: “ಗಬ್ಬದ ಎಮ್ಮಿ ದಿನಾ ತುಂಬೂಕಿಂತ ಮೊದಲ ಕಂದ ಹಾಕತೈತೆಲ್ಲ, ಆ ಬ್ಯಾನಿ. ಮನಷ್ಯಾಗೂ ಬರತೈತಿ.”

“ನಿಮಗ ಸಂಶೆ ಇತ್ತೇನು?”

“ಇತ್ತು.”

“ಮತ್ತ ಯಾಕ ಹೇಳಲಿಲ್ರಿ?”

“ಏನಂತ ಹೇಳಲಿ? ಊರೂರ ತಿರಗಿ ಬರೇ ಕೈಲೆ ಮುಟ್ಟಬ್ಯಾಡ್ರಿ ಅಂತ ರೈತರಿಗೆ ಹೇಳಾಂವ ನಾನ. ಅವತ್ತ ಕಂದ ಹಾಕಿದ ಒಂದ ಎಮ್ಮಿದು ಮಾಸದ ಕಸ ಬಿದ್ದಿದ್ದಿಲ್ಲ, ಒಳಗ ಕೊಳತಿತ್ತು. ಕೈಗವಸ ತೀರಿದ್ವು. ಅದನ್ನ ಸಾಕಿದ ಮುದುಕಿ ಅದರ ಕೊಳ್ಳಿಗೆ ಬಿದ್ದ ಅಳಾಕತ್ತಿದ್ಲು. ಹಾಂಗ ಕೈ ಹಾಕಿದೆ.” ಹೊದಿಕೆ ಎಳೆದುಕೊಂಡು ಅಂದರು, “ಇದಲ್ಲ, ಬ್ಯಾರೆ ಏನರ ಇರಲಿ ಅಂತ ಕಾಯಾಕತ್ತಿದ್ದೆ.”

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮುಂಜಾನೆಯಿಂದ ನಿಂತ ಕಾಲು. ಅವರ ಪಕ್ಕದಲ್ಲೇ ಕೂತುಬಿಟ್ಟೆ. ಬೆಳಗಾವಿಗೆ ಹೋಗಿ ರಕ್ತ ಕೊಟ್ಟು ಬಂದೆವು. ಗೆಳೆಯ ಹೇಳಿದ್ದೇ ಬಂತು.

ಗುಳಿಗೆಗಳು ಶುರುವಾದವು. ವಾರಗಟ್ಟಲೆ ತಪ್ಪಿಸದೆ ನುಂಗಬೇಕು, ಮುಂಜಾನೆ ಒಮ್ಮೆ, ರಾತ್ರಿ ಒಮ್ಮೆ. ಅವುಗಳಲ್ಲಿ ಒಂದಕ್ಕೆ ಮೂತ್ರ ಕುಂಕುಮದ ನೀರಿನಂತೆ ಕೆಂಪಾಗುತ್ತಿತ್ತು. ಅದನ್ನು ಅತ್ತೆಗೆ ಮೊದಲೇ ಹೇಳಿಟ್ಟೆ, ಹೆದರಬಾರದು ಅಂತ. ಇನ್ನೊಂದನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಕರುಳು ಕಿತ್ತು ಬರುವಂತೆ ವಾಂತಿ. ಹೊತ್ತು ಮುಳುಗುವ ಮೊದಲು ಉಂಡು, ಆಮೇಲೆ ಬರೀ ಗುಳಿಗೆ ನುಂಗಿದ ಮೊದಲ ದಿನವೇ ಎಲ್ಲ ಹೊರಗೆ ಬಂತು. ಎರಡನೆಯ ದಿನವೂ ಹಾಗೇ ಆಯಿತು. ಅತ್ತೆ ನೆಲ ಒರೆಸಿದರು, ಕೈ ತೊಳೆದರು, ಬಸದಿಯ ದಿಕ್ಕಿಗೆ ತಿರುಗಿ ಕೈ ಮುಗಿದರು. ಮೂರನೆಯ ದಿನ ದೀಪ ಹಚ್ಚಿದ ಮೇಲೆ ತಾವೇ ಒಲೆ ಹೊತ್ತಿಸಿ ಮೆತ್ತನೆ ಅನ್ನ ಮಾಡಿ ಮಗನ ಮುಂದಿಟ್ಟರು. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ದೀಪ ಹಚ್ಚಿದ ಮೇಲೆ ಅವರ ಒಲೆ ಉರಿದದ್ದನ್ನು ನಾನು ನೋಡಿರಲಿಲ್ಲ. “ಉಣ್ಣಪ್ಪಾ,” ಅಂದರು, “ಆಮ್ಯಾಲ ನಾ ಕೇಳ್ಕೊತೀನಿ.” ಯಾರನ್ನು ಕೇಳಿಕೊಳ್ಳುತ್ತಾರೆ, ಏನಂತ, ನಾವು ಕೇಳಲಿಲ್ಲ. ಗುಳಿಗೆ ಮುಗಿಯುವವರೆಗೆ ದಿನಾ ಹಾಗೇ ನಡೆಯಿತು.

ಜ್ವರ ನಿಂತಿತು. ಆದರೆ ದಣಿವು ನಿಲ್ಲಲಿಲ್ಲ. ಬಾವಿಯ ತನಕ ನಡೆದು ಬಂದರೆ ಅರ್ಧ ದಿನ ಮಲಗಬೇಕು. ಮಗಳು ಹೆಗಲೇರಲು ಬಂದರೆ ಮುಖ ಕಿವುಚಿಕೊಳ್ಳುವರು. ಅವಳೂ ಕಲಿತಳು, ಹತ್ತಿರ ಹೋಗಿ ಬರೀ ಕೈ ಹಿಡಿದುಕೊಂಡು ನಿಲ್ಲುತ್ತಿದ್ದಳು. ನಾನು ಶಾಲೆ, ಬಸ್ಸು, ಪರೀಕ್ಷೆಯ ಪೇಪರು, ಅವರ ಬೆವರಿನ ಅಂಗಿಗಳು, ಇವುಗಳ ನಡುವೆ ಓಡಾಡಿದೆ.

ಫೆಬ್ರುವರಿಯ ಒಂದು ಶನಿವಾರ ಗೋಕಾಕದಿಂದ ಸ್ವಲ್ಪ ಹುರುಪಿನಿಂದಲೇ ಬಂದಿದ್ದೆ. ಹಿಂದಿನ ವಾರ ನಾನು ಆರಿಸಿದ ಹೊಸ ಹುಡುಗನೊಬ್ಬ ಒಂದೇ ಮ್ಯಾಚಿನಲ್ಲಿ ಮೂರು ಗೋಲು ಹೊಡೆದಿದ್ದ. ಅದನ್ನು ಹೇಳಲು ಬಾಯಿ ತೆರೆದರೆ ಅವರು ಕೈ ಅಡ್ಡ ಮಾಡಿದರು.

“ಆ ಸುದ್ದಿ ನನ್ನ ಮುಂದ ಬ್ಯಾಡ.”

“ನಿಮ್ಮ ಆಟ ರೀ ಇದು. ನಂದಲ್ಲ.”

“ನಂದಿತ್ತು. ಈಗ ಅಂವ ಓಡಿದ, ಇಂವ ಹಾರಿದ ಅಂತ ಕೇಳಿದ್ರ ನನ್ನ ಮೊಣಕಾಲ ನೋಯ್ತಾವ.”

ನಾನು ಒಳಗೆ ಹೋಗಿ ಕಾಯಿಪಲ್ಯೆ ಸುರುವಿ ಆರಿಸುತ್ತ ಕೂತೆ. ಮುಂದಿನ ಶನಿವಾರ ಹೋಗುವುದಿಲ್ಲ ಅಂತ ಅತ್ತೆಗೆ ಹೇಳಿದೆ. ಔಷಧಿಯನ್ನು ಮೂಡಲಗಿಯಲ್ಲೇ ತರುತ್ತೇನೆ ಅಂದೆ. ಅತ್ತೆ ನನ್ನ ಮುಖ ನೋಡಿದರು.

“ಹೋಗಿ ಬಾ,” ಅಂದರು. “ನಾ ಅದೇನಿ ಇಲ್ಲೆ. ಒಂದ ತಾಸ ಕುಂತ ಬಾ.”

ಹೋದೆ. ಆ ದಿನದ ನಂತರ ಆಟದಲ್ಲಿ ನನಗೂ ಜೀವ ಉಳಿಯಲಿಲ್ಲ. ಅಲ್ಲಿಯ ಆಟಗಾರರೂ ದಣಿದಿದ್ದರು ಅಂತ ಕಾಣುತ್ತದೆ. ವಾರಕ್ಕಿಬ್ಬರು ಗಾಯಗೊಂಡು ಕೂರುತ್ತಿದ್ದರು, ಕೆಲವರಿಗೆ ಆಡುವ ಅವಕಾಶವೇ ಸಿಗುತ್ತಿರಲಿಲ್ಲ, ನಾನು ಒಬ್ಬನನ್ನು ತೆಗೆದು ಇನ್ನೊಬ್ಬನನ್ನು ಹಾಕಿ ಎದ್ದು ಬರುತ್ತಿದ್ದೆ. ಮೇಲಿದ್ದ ನಮ್ಮ ತಂಡ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಆದರೆ ಆ ಒಂದು ತಾಸು ನನಗೆ ಬೇಕಿತ್ತು. ತಲೆಯ ಮೇಲೆ ಫ್ಯಾನು, ಯಾರೂ ನನ್ನನ್ನು ಕರೆಯದ ಒಂದು ತಾಸು.

ಮಾರ್ಚಿನಲ್ಲಿ ಒಂದು ದಿನ ಶಾಲೆಯಲ್ಲಿ ಪರೀಕ್ಷೆಯ ಗದ್ದಲ ಮುಗಿಸಿ ಬಂದಿದ್ದೆ. ಬಿಸಿಲು ಕುದಿಯುತ್ತಿತ್ತು. ಬೆಂಚಿನ ಮೇಲೆ ಕೂತು ಪುಟ ತೆರೆದದ್ದು ನೆನಪಿದೆ. ಆಮೇಲೆ ಭುಜದ ಹತ್ತಿರ ಮೇಜನ್ನು ಯಾರೋ ಮೆಲ್ಲಗೆ ಬಡಿದಂತಾಯಿತು.

“ಅಕ್ಕಾರ,” ಚಾಚಾ ಅನ್ನುತ್ತಿದ್ದರು, “ಕುಲಗೋಡ ಬಸ್ಸಿನ ಹೊತ್ತ ಆತ್ರಿ.”

ಕೀಬೋರ್ಡಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದೆ. ಚಾಚಾ ಕಂಪ್ಯೂಟರ್ ಆರಿಸಿ, ಬಾಗಿಲ ಕಡೆಯ ಪರದೆ ಎಳೆದಿದ್ದರು, ಬಿಸಿಲು ಬೀಳದಂತೆ. ಆ ವಾರದ ತಂಡ ಹಾಕುವ ಹೊತ್ತು ಯಾವಾಗಲೋ ಮೀರಿತ್ತು.

“ಎಬ್ಬಸಬೇಕಿತ್ತಲ್ರಿ ಚಾಚಾ,” ಅಂದೆ.

“ಎಬ್ಬಸಾಕ ಬಂದಿದ್ದೆ. ಮನಸ ಬರಲಿಲ್ಲ,” ಅಂದರು. “ಮನ್ಯಾಗ ಸಾಹೇಬ್ರು ಹ್ಯಾಂಗದಾರ?”

“ಸುಧಾರಸಾಕತ್ತಾರ್ರಿ,” ಅಂದೆ. ಚೀಲ ಎತ್ತಿಕೊಂಡು ಹೊರಟೆ.

ಅವರು ಖರೆನೇ ಸುಧಾರಿಸುತ್ತಿದ್ದರು. ಏಪ್ರಿಲಿನಲ್ಲಿ ಊರ ಹೊರಗಿನ ಹೊಲದ ತನಕ ನಡೆದು ಬಂದರು. ನೆರೆಯವರ ಆಕಳು ಈಯುವಾಗ ಕರೆಯಲು ಬಂದರೆ, ನಾನು ಮುಖ ನೋಡಿದ್ದನ್ನು ಕಂಡು, ದೂರ ನಿಂತೇ ಹೀಗೆ ಮಾಡಿರಿ ಹಾಗೆ ಮಾಡಿರಿ ಅಂತ ಹೇಳಿ ಬಂದರು. ಮೇ ತಿಂಗಳಲ್ಲಿ ಮತ್ತೆ ಕೆಲಸಕ್ಕೆ ಹೊರಟರು. ನನಗೆ ಬೇಸಿಗೆ ರಜೆ. ಗೋಕಾಕದ ತನಕ ನಾನೂ ಜೊತೆಗೆ ಹೋದೆ. ಅದು ಭಾನುವಾರ, ಇಂಗ್ಲೆಂಡಿನಲ್ಲಿ ಆ ವರ್ಷದ ಕೊನೆಯ ಮ್ಯಾಚುಗಳು ನಡೆಯುವ ದಿನ. ನಮ್ಮ ತಂಡ ನಡುವೆ ಎಲ್ಲೋ ನಿಂತಿತ್ತು, ಇನ್ನು ಮೇಲೂ ಹೋಗುವಂತಿರಲಿಲ್ಲ, ಕೆಳಗೂ ಬೀಳುವಂತಿರಲಿಲ್ಲ. ಇಬ್ಬರೂ ಸೈಬರ್ ಕಡೆ ಹೋಗಲಿಲ್ಲ.

ಹುಕ್ಕೇರಿಯ ಬಸ್ಸಿಗೆ ಕಾಯುತ್ತ ನಿಂತಾಗ ಅವರೇ ತೆಗೆದರು ಮಾತು.

“ಮುಂದಿನ ವರ್ಷ ಮತ್ತ ಹಾಕೂಣೇನು ತಂಡ? ಮತ್ತ ಶನಿವಾರ ಇಲ್ಲೇ ಕೂಡಬಹುದು.”

ಅವರ ಮುಖದಲ್ಲಿ ಆಸೆಯಿತ್ತು. ಅದು ನನಗೆ ಕಾಣಿಸಿತು. ಹೂಂ ಅನ್ನಬೇಕು ಅಂತಲೇ ಬಾಯಿ ತೆರೆದೆ.

“ನನ್ನ ಕೈಲೆ ಆಗೂದಿಲ್ರಿ,” ಅಂದೆ. “ಶನಿವಾರ ನೀವು ಸೀದಾ ಮನಿಗೆ ಬರ್ರಿ. ನಾನೂ ಸೀದಾ ಮನಿಗೆ ಬರ್ತೀನಿ.”

ಅವರು ಚೀಲವನ್ನು ಹೆಗಲಿಗೇರಿಸಿಕೊಂಡು, “ಆತು,” ಅಂದರು. ಬಸ್ಸು ಬಂತು. ಕಿಟಕಿಯ ಹತ್ತಿರ ಜಾಗ ಸಿಕ್ಕಿತು ಅಂತ ಕೈ ಮಾಡಿ ತೋರಿಸಿದರು. ಸೊಂಟಕ್ಕೆ ಆನಿಸಿಕೊಳ್ಳಲು ಅತ್ತೆ ಹೊಲಿದು ಕೊಟ್ಟ ಸಣ್ಣ ಕೌದಿಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದದ್ದು ಕಂಡಿತು.

ಅವರಿಗೆ ಮೂಡಲಗಿಯ ಹತ್ತಿರ ವರ್ಗವಾಗಲು ಇನ್ನೂ ಎರಡು ಮಳೆಗಾಲ ಹಿಡಿಯಿತು. ಮೂಡಲಗಿಯಲ್ಲೇ ಬಾಡಿಗೆ ಮನೆ ಮಾಡಿದೆವು. ಅತ್ತೆಯೂ ಬಂದರು, ಮಗಳು ಶಾಲೆಗೆ ಸೇರಿದಳು. ಮೋಡ ಕಟ್ಟಿದ ದಿನ ಅವರ ಕೀಲುಗಳು ಇನ್ನೂ ನೋಯುತ್ತವೆ. ಗೆಳೆಯರು ಪ್ರತಿ ಆಗಸ್ಟಿಗೆ ಕರೆಯುತ್ತಿದ್ದರು, ಅವರು ನಯವಾಗಿ ಬೇಡ ಅನ್ನುತ್ತಿದ್ದರು.

ಹೊಸ ಮನೆಯ ಮೊದಲ ಶನಿವಾರ ಇಬ್ಬರೂ ಮಧ್ಯಾಹ್ನಕ್ಕೇ ಮನೆಯಲ್ಲಿದ್ದೆವು. ಅವರು ಕಾಲು ತೊಳೆದು ಬಂದು ಕುರ್ಚಿಯಲ್ಲಿ ಕೂತರು. ನಾನು ಅವಲಕ್ಕಿ ಕಲಸಿ ಕೊಟ್ಟು ಎದುರಿಗೆ ಕೂತೆ. ಏನು ಮಾತಾಡಬೇಕೋ ಇಬ್ಬರಿಗೂ ಹೊಳೆಯಲಿಲ್ಲ. ನಳದ ನೀರು ಯಾವಾಗ ಬರುತ್ತದೆ ಅಂತ ಅವರು ಕೇಳಿದರು, ಸಂಜೆಗೆ ಅಂದೆ. ಅವರು ಪೇಪರು ಬಿಡಿಸಿದರು. ಸ್ವಲ್ಪ ಹೊತ್ತಿಗೆ ಅದು ಎದೆಯ ಮೇಲೆ ಜಾರಿತು, ಕೂತಲ್ಲೇ ನಿದ್ದೆ ಹತ್ತಿತ್ತು. ನಾನು ಪೇಪರು ತೆಗೆದು ಮಡಚಿಟ್ಟೆ, ಕಾಲಿನ ಮೇಲೆ ಚಾದರ ಹೊದಿಸಿದೆ, ಅರಿವೆ ನೆನೆಹಾಕಲು ಹಿತ್ತಲಿಗೆ ಹೋದೆ.